ವರ್ಕೌಟ್ ಲೆಕ್ಕ ಎಲ್ಲಿ ಬರೆದಿಡೋದು? ಪುಸ್ತಕನಾ, ಆ್ಯಪಾ, ಶೀಟಾ, ವಾಚಾ

ಬೆಂಚ್ ಮೇಲೆ ಮಲಗಿದೀರ, ಬಾರ್ ಕೈಗೆ ಬಂದಿದೆ, ಆಗ ತಲೇಲಿ ಒಂದೇ ಪ್ರಶ್ನೆ ಓಡ್ತಿರತ್ತೆ: ಹೋದ ಸಲ ಎಷ್ಟು ಹಾಕಿದ್ದೆ? 60 ಕೆಜಿನಾ, 62.5ಆ? ಮೂರನೇ ಸೆಟ್‌ನಲ್ಲಿ ಎಂಟು ಆಗಿತ್ತಾ, ಆರಕ್ಕೇ ಕೈ ಸೋತಿತ್ತಾ? ನೆನಪಾಗಲ್ಲ. ಯಾಕೆ ಬೇಕು ರಿಸ್ಕು ಅಂತ 60ಕ್ಕೇ ಹಾಕ್ಕೊಂಡು ಮುಗಿಸಿ ಎದ್ದು ಬರ್ತೀರ. ನಾನು ಹಿಂಗೇ ಸುಮಾರು ನಾಲ್ಕು ತಿಂಗಳು ಕಳೆದಿದೀನಿ, ಅದೂ ಒಂದು ದಿನ ತಪ್ಪಿಸದೆ ಜಿಮ್‌ಗೆ ಹೋಗ್ಕೊಂಡು, ಬೆವರು ಸುರಿಸ್ಕೊಂಡು, ಪ್ರೋಗ್ರೆಸ್ ಆಗ್ತಿದೆ ಅಂತ ನನಗೆ ನಾನೇ ಹೇಳ್ಕೊಂಡು. ಆಮೇಲೆ ಮನೇಲಿ ಬಿದ್ದಿದ್ದ ಒಂದು ಅರ್ಧ ಖಾಲಿ ನೋಟ್‌ಬುಕ್‌ನಲ್ಲಿ ಸುಮ್ನೆ ಬರೆಯೋಕೆ ಶುರು ಮಾಡಿದೆ, ಆರು ವಾರ ಆದ್ಮೇಲೆ ಹಿಂದಕ್ಕೆ ತಿರುಗಿಸಿ ನೋಡಿದ್ರೆ ಪ್ರತಿ ಸಾಲಲ್ಲೂ ಅದೇ ಕಥೆ. 60 × 8, 8, 6. ಅಂದ್ರೆ 60 ಕೆಜಿ, ಮೊದಲೆರಡು ಸೆಟ್ಟಲ್ಲಿ ಎಂಟೆಂಟು ಸಲ, ಮೂರನೇದರಲ್ಲಿ ಆರು. ಕೆಳಗೆ 60 × 8, 7, 6. ಅದರ ಕೆಳಗೆ ಮತ್ತೆ 60 × 8, 8, 6. ಗಾಣದ ಎತ್ತೂ ದಿನವಿಡೀ ನಡೆಯತ್ತೆ, ಊರು ಮಾತ್ರ ದಾಟಲ್ಲ.

ಆವತ್ತಿಂದ ಇವತ್ತಿನ ತನಕ ನೋಟ್‌ಬುಕ್ಕು, ಫೋನಿನ ನೋಟ್ಸು, ಮೂರ್ನಾಲ್ಕು ಆ್ಯಪು, ಶೀಟು, ವಾಚು ಎಲ್ಲಾನೂ ಬಳಸಿ ಬಿಟ್ಟು ಮತ್ತೆ ಹಿಡಿದು ನೋಡಿದೀನಿ. ಯಾವುದು ಒಳ್ಳೇದು ಅಂತ ಕೇಳಿದ್ರೆ ಎಲ್ಲರೂ ಫೀಚರ್ ಲೆಕ್ಕ ಹಾಕ್ತಾರೆ, ಗ್ರಾಫ್ ಬರತ್ತಾ, ಬ್ಯಾಕಪ್ ಇದೆಯಾ ಅಂತ. ನಾನು ನೋಡೋದು ಒಂದೇ: ಎರಡು ಸೆಟ್ ಮಧ್ಯೆ, ಉಸಿರು ಬಿಡ್ತಾ ಇರೋವಾಗ, ಬೆವರು ಕೈಯಲ್ಲಿ, ಇದೇ ಎಕ್ಸರ್‌ಸೈಜಿನ ಹೋದ ಸಲದ ನಂಬರ್ ಎಷ್ಟು ಬೇಗ ಕಣ್ಣಿಗೆ ಬೀಳತ್ತೆ. ಬರೆಯೋಕೆ ಎಲ್ಲದರಲ್ಲೂ ಹತ್ತು ಸೆಕೆಂಡ್ ಸಾಕು, ಹಳೇದನ್ನ ಹುಡುಕೋದ್ರಲ್ಲೇ ಎಲ್ಲ ಎಡವೋದು. ಬರೆದಿಟ್ಟು ಯಾವತ್ತೂ ತೆಗೆದು ನೋಡದ ಲೆಕ್ಕಕ್ಕೂ ಬರೀದೇ ಇರೋದಕ್ಕೂ ಜಾಸ್ತಿ ವ್ಯತ್ಯಾಸ ಇಲ್ಲ.

ಈ ಹೋದ ಸಲದ ನಂಬರ್ ಯಾಕೆ ಇಷ್ಟು ಮುಖ್ಯ ಅಂದ್ರೆ, ದೇಹಕ್ಕೆ ರೂಢಿ ಆಗಿರೋದಕ್ಕಿಂತ ಒಂಚೂರು ಜಾಸ್ತಿ ಕೆಲಸ ಕೊಟ್ರೆ ಮಾತ್ರ ಅದು ಬದಲಾಗತ್ತೆ, ಅದೇ ಪ್ರೋಗ್ರೆಸಿವ್ ಓವರ್‌ಲೋಡ್. 1940ರ ದಶಕದಲ್ಲಿ ಅಮೆರಿಕದ ಸೇನೆಯ ಡಾಕ್ಟರ್ ಥಾಮಸ್ ಡಿಲಾರ್ಮ್ ಅನ್ನೋರು ಮೊಣಕಾಲಿಗೆ ಪೆಟ್ಟಾಗಿ ಬಂದಿದ್ದ ಸೈನಿಕರಿಗೆ ಭಾರ ಎತ್ತಿಸಿ ಕಾಲಿಗೆ ಶಕ್ತಿ ಬರೋ ಹಾಗೆ ಮಾಡಿದ್ರು, 1945ರಲ್ಲಿ ಅದರ ಬಗ್ಗೆ ಬರೆದ್ರು. ಆಮೇಲೆ ಅವರ ಪದ್ಧತಿ ಮೂರು ಸೆಟ್ಟಿಗೆ ಬಂದು ನಿಂತ್ಕೊಳ್ತು: ಹತ್ತು ರೆಪ್ (ಒಂದು ರೆಪ್ ಅಂದ್ರೆ ಒಂದು ಸಲ ಎತ್ತಿ ಇಳಿಸೋದು) ಮಾತ್ರ ಎತ್ತೋಕಾಗೋ ಭಾರ ಯಾವುದು ಅಂತ ಮೊದ್ಲು ಕಂಡ್ಕೊಳ್ಳೋದು, ಅದರ ಅರ್ಧದಲ್ಲಿ ಹತ್ತು, ಮುಕ್ಕಾಲಲ್ಲಿ ಹತ್ತು, ಪೂರ್ತಿ ಭಾರದಲ್ಲಿ ಹತ್ತು. ಆ ಹತ್ತು ರೆಪ್ಪಿನ ಭಾರ ಎಷ್ಟು ಅಂತ ಎಲ್ಲೂ ಬರೆದಿಡದಿದ್ರೆ ಅರ್ಧ ಎಷ್ಟು, ಮುಕ್ಕಾಲು ಎಷ್ಟು ಅಂತ ಲೆಕ್ಕ ಹಾಕೋದಾದ್ರೂ ಹೆಂಗೆ? ಅಂದ್ರೆ ಈ ವಿದ್ಯೆ ಹುಟ್ಟಿದಾಗಿಂದ್ಲೂ ಅದರ ಜೊತೆಗೆ ಒಂದು ಪೆನ್ಸಿಲ್ ಇದ್ದೇ ಇದೆ.

ಮೊದ್ಲು ಏನು ಬರೀಬೇಕು ಅಂತ ತೀರ್ಮಾನ ಮಾಡಿ

ಎಲ್ಲಿ ಬರೀಬೇಕು ಅನ್ನೋದು ಏನು ಬರೀತೀರ ಅನ್ನೋದರ ಮೇಲೆ ನಿಂತಿದೆ, ಅದಕ್ಕೆ ಇದು ಮೊದ್ಲು. ತಾರೀಖು, ಎಕ್ಸರ್‌ಸೈಜು, ಭಾರ, ಪ್ರತಿ ಸೆಟ್ಟಿನ ರೆಪ್ಪು, ಈ ನಾಲ್ಕಿದ್ರೆ ಸಾಕು. ಇದರ ಜೊತೆ ಒಂದೇ ಒಂದು ಸೇರಿಸ್ತೀನಿ ಅಂದ್ರೆ ಕೊನೇ ಸೆಟ್ ಮುಗಿದಾಗ ಇನ್ನೆಷ್ಟು ರೆಪ್ ಬಾಕಿ ಇತ್ತು ಅನ್ನೋದನ್ನ ಸೇರಿಸಿ. ಸ್ವೀಡನ್ನಿನ ಗುನ್ನಾರ್ ಬೋರ್ಗ್ ಅನ್ನೋರು ಎಷ್ಟು ಕಷ್ಟ ಅನ್ಸ್ತು ಅನ್ನೋದನ್ನ ಅಳೆಯೋಕೆ 6ರಿಂದ 20ರ ತನಕದ ಒಂದು ಸ್ಕೇಲ್ ಮಾಡಿದ್ರು (ಆ ನಂಬರಿಗೆ ಒಂದು ಸೊನ್ನೆ ಸೇರಿಸಿದ್ರೆ ಹೆಚ್ಚುಕಮ್ಮಿ ಹಾರ್ಟ್ ರೇಟ್ ಬರೋ ಹಾಗೆ, ಅದಕ್ಕೇ ಆ ವಿಚಿತ್ರ 6), ಭಾರ ಎತ್ತೋರು ಈಗ ಅದನ್ನ ಹತ್ತರ ಒಳಗೆ ತಂದ್ಕೊಂಡಿದಾರೆ. ಆರ್‌ಪಿಇ (ಎಷ್ಟು ಕಷ್ಟ ಅನ್ಸ್ತು ಅನ್ನೋ ಆ ನಂಬರಿನ ಹೆಸರು) 10 ಅಂದ್ರೆ ಇನ್ನೊಂದೂ ಆಗ್ತಿರ್ಲಿಲ್ಲ, 8 ಅಂದ್ರೆ ಇನ್ನೆರಡು ಆಗ್ತಿತ್ತು. ನಾನು ಬರೀ ಬಾಕಿ ಇರೋ ನಂಬರ್ ಬರೀತೀನಿ, ಬ್ರಾಕೆಟ್‌ನಲ್ಲಿ. 60 × 8, 8, 8 (2) ಅಂತಿದ್ರೆ ಮುಂದಿನ ಸಲ ಪ್ಲೇಟ್ ಸೇರಿಸ್ಬೋದು. 60 × 8, 8, 8 (0) ಅಂತಿದ್ರೆ ಅದೇ ಎಂಟು ರೆಪ್ಪು, ಆದ್ರೆ ಕಥೆ ಬೇರೆ, ಸೇರಿಸೋಕೆ ಹೋದ್ರೆ ಬಾರ್ ಎದೆ ಮೇಲೆ.

ನಿದ್ದೆ, ಮೂಡು, ತಿಂದಿದ್ದು, ಕುಡಿದಿದ್ದು, ರೆಸ್ಟ್ ಟೈಮು, ಹಾಡು ಯಾವುದು ಹಾಕಿದ್ದೆ ಅನ್ನೋ ತನಕ ಬರೆಯೋರಿದಾರೆ. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದ ಅನ್ನೋ ಹಾಗೆ ಎರಡು ವಾರ ನಡೆಯತ್ತೆ ಅದು. ನೋವಿದ್ರೆ ಮಾತ್ರ ಬಿಡದೆ ಬರೀರಿ, ಎರಡೇ ಪದ ಆದ್ರೂ ಸರಿ. ನನ್ನ ಪುಸ್ತಕದಲ್ಲಿ ಒಂದು ಕಡೆ "ಎಡ ಮೊಣಕಾಲು ಚುಳ್" ಅಂತಿದೆ, ಮೂರು ವಾರ ಬಿಟ್ಟು ಮತ್ತೆ "ಮೊಣಕಾಲು", ಆಮೇಲೆ ಇನ್ನೊಂದ್ಸಲ. ಮೂರನ್ನೂ ಜೊತೆಗಿಟ್ಟು ನೋಡಿದಾಗ ಗೊತ್ತಾಯ್ತು, ಮೂರು ಸಲಾನೂ ಹಿಂದಿನ ದಿನ ಓಡಿದ್ದೆ, ಮಾರನೇ ದಿನಾನೇ ಲಂಜಸ್ (ಒಂದು ಕಾಲು ಮುಂದಿಟ್ಟು ಮೊಣಕಾಲು ಬಗ್ಗಿಸೋ ಎಕ್ಸರ್‌ಸೈಜು) ಹಾಕಿದ್ದೆ. ಬರೀದೇ ಇದ್ದಿದ್ರೆ ಶೂ ಸರಿ ಇಲ್ಲ ಅಂತ ಹೊಸ ಶೂ ತಗೊಂಡಿರ್ತಿದ್ದೆ, ಗ್ಯಾರಂಟಿ.

ನೋಟ್‌ಬುಕ್

ನನ್ನ ಪಕ್ಷಪಾತ ಮೊದ್ಲೇ ಹೇಳ್ಬಿಡ್ತೀನಿ, ನನಗೆ ಇದೇ ಇಷ್ಟ. ಚಾರ್ಜ್ ಬೇಡ, ಲಾಗಿನ್ ಬೇಡ, ಮಧ್ಯದಲ್ಲಿ ಮೆಸೇಜ್ ಬಂದು ಐದು ನಿಮಿಷ ಮಾಯ ಆಗಲ್ಲ. ಆದ್ರೆ ಪುಸ್ತಕ ಹಿಡಿಯೋ ಮುಕ್ಕಾಲು ಪಾಲು ಜನ ಮಾಡೋ ಒಂದು ತಪ್ಪಿದೆ, ನಾನೂ ಮಾಡಿದ್ದೆ: ದಿನಕ್ಕೊಂದು ಪುಟ. ಮೇಲೆ ತಾರೀಖು, ಕೆಳಗೆ ಆವತ್ತು ಮಾಡಿದ್ದೆಲ್ಲ. ನೋಡೋಕೆ ಡೈರಿ ಥರ ಚೆನ್ನಾಗಿರತ್ತೆ. ಇವತ್ತು ಡೆಡ್‌ಲಿಫ್ಟ್ ಮಾಡ್ಬೇಕು, ಹೋದ ಸಲ ಎಷ್ಟಿತ್ತು ಅಂತ ನೋಡೋಕೆ ಹೋದ್ರೆ ಎಂಟು ದಿನದ ಹಿಂದಿನ ಪುಟ ಹುಡುಕ್ಬೇಕು, ಅದಕ್ಕಿಂತ ಹಿಂದಿನದು ಬೇಕಂದ್ರೆ ಇನ್ನೂ ನಾಲ್ಕು ಪುಟ, ಅಷ್ಟರಲ್ಲಿ ರೆಸ್ಟ್ ಟೈಮ್ ಮುಗಿದು ಪಕ್ಕದೋರು ಬಂದು ಬಾರ್ ಖಾಲಿನಾ ಅಂತ ಕೇಳ್ತಾರೆ.

ಸರಿಯಾದ ಕ್ರಮ ಎಕ್ಸರ್‌ಸೈಜಿಗೊಂದು ಪುಟ. ಮೇಲೆ "ಸ್ಕ್ವಾಟ್" ಅಂತ ದಪ್ಪಗೆ ಬರೀರಿ, ಕೆಳಗೆ ಪ್ರತಿ ಸಲಕ್ಕೆ ಒಂದೇ ಸಾಲು, ತಾರೀಖು, ಭಾರ, ರೆಪ್ಪು. ಪುಟದ ಬಲಗಡೆ ಬದಿಗೆ ಚಿಕ್ಕ ಚೀಟಿ ಅಂಟಿಸಿದ್ರೆ ಬೆರಳಿಟ್ಟು ಒಂದೇ ಸಲಕ್ಕೆ ತೆಗೀಬೋದು. ಹಿಂಗೆ ಮಾಡಿದ ತಕ್ಷಣ ಪುಸ್ತಕ ಗ್ರಾಫ್ ಥರ ಕೆಲಸ ಮಾಡೋಕೆ ಶುರು ಮಾಡತ್ತೆ, ಮೇಲಿಂದ ಕೆಳಗೆ ಕಣ್ಣು ಹಾಯಿಸಿದ್ರೆ ನಂಬರ್ ಏರ್ತಿದೆಯಾ, ಅಲ್ಲೇ ನಿಂತಿದೆಯಾ, ಇಳೀತಿದೆಯಾ ಎಲ್ಲಾ ಗೊತ್ತಾಗತ್ತೆ. ನನ್ನ 60ರ ಕಥೆ ಬಯಲಾಗಿದ್ದೂ ಹಿಂಗೇ, ಆ ನೋಟ್‌ಬುಕ್‌ನಲ್ಲಿ ಬೆಂಚಿಗೆ ಅಂತ ಒಂದು ಪುಟ ಬೇರೆ ಇಟ್ಟಿದ್ದೆ, ಉಳಿದಿದ್ದೆಲ್ಲ ಡೈರಿ ಥರ ಇತ್ತು, ಬೇರೆ ಎಕ್ಸರ್‌ಸೈಜು ನಿಂತಿದ್ದು ಗೊತ್ತಾಗೋಕೆ ಇನ್ನೂ ಎರಡು ತಿಂಗಳು ಬೇಕಾಯ್ತು.

ಇನ್ನೊಂದು ಸಣ್ಣ ವಿಷ್ಯ, ಪೆನ್ ಬೇಡ, ಪೆನ್ಸಿಲ್ ಇಟ್ಕೊಳ್ಳಿ. ಕೈ ಬೆವರು ತಾಗಿದ ಹಾಳೆ ಮೇಲೆ ಬಾಲ್ ಪೆನ್ ಜಾರತ್ತೆ, ಇಂಕ್ ಪೆನ್ ಆದ್ರೆ ಹರಡ್ಕೊಂಡು 6 ಯಾವುದು 8 ಯಾವುದು ಗೊತ್ತಾಗಲ್ಲ. ರಟ್ಟಿನ ಕವರಿರೋ ಸಣ್ಣ ಪುಸ್ತಕ ಇರ್ಲಿ, ಬೆಂಚ್ ಮೇಲಿಟ್ಟು ಬರೆಯೋಕೆ ಗಟ್ಟಿ ಇರತ್ತೆ.

ತೊಂದರೆ ಏನಪ್ಪಾ ಅಂದ್ರೆ, ಕಳೆದ್ರೆ ಕಳೀತು. ತಿಂಗಳಿಗೊಂದ್ಸಲ ಪುಟಗಳ ಫೋಟೋ ತೆಗೆದಿಟ್ಕೊಂಡ್ರೆ ಆ ಭಯ ಹೋಗತ್ತೆ. ಎಕ್ಸರ್‌ಸೈಜ್ ಪದೇ ಪದೇ ಬದಲಾಯಿಸೋರಿಗೆ ಪುಟ ಸಾಲಲ್ಲ, ಮೂವತ್ತು ನಲವತ್ತು ಪುಟ ತೆರೆದಿಟ್ಟು ಒಂದೊಂದರಲ್ಲಿ ಮೂರು ಸಾಲು ಬರೆದ್ರೆ ಅದು ಪುಸ್ತಕದ ತಪ್ಪಲ್ಲ, ನಿಮ್ಮ ಪ್ಲಾನ್ ಸ್ವಲ್ಪ ನೋಡ್ಕೊಳ್ಳಿ.

ಫೋನಿನ ನೋಟ್ಸ್

ಇದರ ಬಗ್ಗೆ ಜಾಸ್ತಿ ಹೇಳೋದಿಲ್ಲ. ಏನೂ ಡೌನ್‌ಲೋಡ್ ಮಾಡೋದು ಬೇಡ, ಹೋದ ಸಲದ್ದು ಕಾಪಿ ಮಾಡಿ ಪೇಸ್ಟ್ ಮಾಡಿ ನಂಬರ್ ತಿದ್ದಿದ್ರೆ ಮುಗೀತು, ಹುಡುಕೋಕೆ ಸರ್ಚ್ ಇದೆ. ಶುರುವಿನ ಒಂದು ತಿಂಗಳಿಗೆ ಆರಾಮಾಗಿ ಸಾಕು. ಆಮೇಲೆ ಅದು ಉದ್ದಕ್ಕೆ ಬೆಳ್ಕೊಂಡು ಹೋಗಿ ಸ್ಕ್ರಾಲ್ ಮಾಡಿ ಮಾಡಿ ಬೆರಳು ನೋವು ಬರತ್ತೆ, ಅಷ್ಟೊತ್ತಿಗೆ ನೀವು ಬೇರೆ ಏನಾದ್ರೂ ಹುಡುಕ್ತಿರ್ತೀರ. ಇದನ್ನೇ ಹಿಡ್ಕೊಂಡಿರ್ತೀನಿ ಅನ್ನೋರು ಇಲ್ಲೂ ಎಕ್ಸರ್‌ಸೈಜಿಗೊಂದು ನೋಟ್ ಮಾಡಿ, ಹೊಸ ಸಾಲು ಯಾವಾಗ್ಲೂ ಮೇಲ್ಗಡೆ ಸೇರಿಸಿ, ತೆರೆದ ತಕ್ಷಣ ಹೋದ ಸಲದ್ದೇ ಕಾಣತ್ತೆ.

ವರ್ಕೌಟ್ ಆ್ಯಪ್

ಸ್ಟ್ರಾಂಗ್, ಹೆವಿ, ಫಿಟ್‌ನೋಟ್ಸ್ ಥರದವು. ನನ್ನ ಹೋದ ಸಲದ ನಂಬರ್ ಪರೀಕ್ಷೆಯಲ್ಲಿ ನಿಜ ಹೇಳ್ಬೇಕಂದ್ರೆ ಇವೇ ಫಸ್ಟ್ ಬರೋದು. ಸ್ಟ್ರಾಂಗ್, ಹೆವಿ ಎರಡರಲ್ಲೂ ಸೆಟ್ ತುಂಬೋ ಜಾಗದ ಪಕ್ಕದಲ್ಲೇ ಹಿಂದಿನ ಸಲದ ಭಾರ, ರೆಪ್ಪು ಕಾಣತ್ತೆ, ಹುಡುಕೋ ಮಾತೇ ಇಲ್ಲ. ಟಿಕ್ ಒತ್ತಿದ ತಕ್ಷಣ ರೆಸ್ಟ್ ಟೈಮರ್ ಓಡೋಕೆ ಶುರು ಆಗತ್ತೆ, ಈ ಒಂದು ಸವಲತ್ತು ಪುಸ್ತಕಕ್ಕೆ ಯಾವ ಜನ್ಮಕ್ಕೂ ಬರಲ್ಲ. ದಿನಾ ಬೇರೆ ಬೇರೆ ಎಕ್ಸರ್‌ಸೈಜ್ ಮಾಡೋರಿಗೆ, ಹದಿನೈದಿಪ್ಪತ್ತು ಮಷೀನ್ ಸುತ್ತೋರಿಗೆ ಕಣ್ಣು ಮುಚ್ಕೊಂಡು ಆ್ಯಪ್ ತಗೊಳ್ಳಿ ಅಂತೀನಿ.

ಇನ್ನೊಂದು ಉಪಯೋಗ, ಅಂದಾಜು ಒನ್ ರೆಪ್ ಮ್ಯಾಕ್ಸ್. ಒಂದೇ ಸಲ ಎತ್ತೋಕಾಗೋ ಅತಿ ಹೆಚ್ಚಿನ ಭಾರ ಎಷ್ಟಿರ್ಬೋದು ಅಂತ ಆ್ಯಪ್ ಲೆಕ್ಕ ಹಾಕಿ ತೋರ್ಸತ್ತೆ. ಅದರ ಹಿಂದಿರೋ ಲೆಕ್ಕ ದೊಡ್ಡದೇನಲ್ಲ, ಬಾಯ್ಡ್ ಎಪ್ಲಿ ಅನ್ನೋ ಕೋಚ್ ಹೆಸರಲ್ಲಿರೋ ಒಂದು ಸೂತ್ರ ಎಲ್ಲರಿಗೂ ಗೊತ್ತಿರೋದು: ರೆಪ್ಪನ್ನ 30ರಿಂದ ಭಾಗಿಸಿ, 1 ಸೇರಿಸಿ, ಭಾರಕ್ಕೆ ಗುಣಿಸಿ. 60 ಕೆಜಿ ಎಂಟು ಸಲ ಎತ್ತಿದ್ರೆ 76 ಬರತ್ತೆ. 65 ಕೆಜಿ ಐದು ಸಲ ಎತ್ತಿದ್ರೆ 75.8. ನೋಡಿದ್ರಾ, ಪ್ಲೇಟ್ ಸೇರಿಸಿದ ಖುಷಿಯಲ್ಲಿ ಎದೆಯುಬ್ಬಿಸ್ಕೊಂಡು ಓಡಾಡಿದ್ದಷ್ಟೇ ಬಂತು, ಶಕ್ತಿ ಇದ್ದಲ್ಲೇ ಇದೆ! ಬರೀ ಭಾರ ನೋಡೋರಿಗೆ ಇದು ಗೊತ್ತಾಗಲ್ಲ. ಆದ್ರೆ ಹತ್ತು ರೆಪ್ ದಾಟಿದ್ರೆ ಈ ಸೂತ್ರ ನಂಬೋಕಾಗಲ್ಲ, ಇಪ್ಪತ್ತು ರೆಪ್ ಹೊಡೆದು ಆ್ಯಪ್ ಹೊಸ ರೆಕಾರ್ಡ್ ಅಂತ ಪಟಾಕಿ ಹಾರಿಸಿದ್ರೆ ಸುಮ್ನೆ ನಕ್ಕು ಬಿಟ್ಬಿಡಿ.

ಇನ್ನು ಕಿರಿಕಿರಿಗಳು. ಫೋನ್ ಕೈಯಲ್ಲಿದ್ರೆ ಸೆಟ್ ಬರೆಯೋಕೆ ಅಂತ ತೆಗೆದು ರೀಲ್ಸ್‌ನಲ್ಲಿ ಮುಳುಗೋದು, ಇದಕ್ಕೆ ಬೇರೆ ಸಾಕ್ಷಿ ಬೇಡ, ನಿಮ್ಮ ಜಿಮ್ಮಿನ ಲೆಗ್ ಪ್ರೆಸ್ ಮೇಲೆ ಯಾರು ಎಷ್ಟೊತ್ತು ಕೂತಿರ್ತಾರೆ ಅಂತ ನೋಡಿ. ಫ್ಲೈಟ್ ಮೋಡ್ ಹಾಕಿದ್ರೆ ಅರ್ಧ ಸಮಸ್ಯೆ ಕಮ್ಮಿ ಆಗತ್ತೆ. ಆಮೇಲೆ ಕೆಲವು ಫೀಚರ್ ದುಡ್ಡು ಕೊಟ್ರೇನೇ ಸಿಗೋದು, ಅದು ನಿಮ್ಮಿಷ್ಟ. ನನ್ನ ದೊಡ್ಡ ತಕರಾರು ಬೇರೆ: ನಿಮ್ಮ ವರ್ಷಗಳ ಲೆಕ್ಕ ಬೇರೆಯವರ ಅಂಗಡಿಯಲ್ಲಿಟ್ಟಂಗೆ. ಎಂಡೊಮೊಂಡೊ ಅಂತ ಒಂದು ಆ್ಯಪ್ ಇತ್ತು, ಓಡೋರು ಸೈಕಲ್ ತುಳಿಯೋರು ಸಿಕ್ಕಾಪಟ್ಟೆ ಜನ ಬಳಸ್ತಿದ್ರು, 2020ರ ಡಿಸೆಂಬರ್ ಕೊನೇಲಿ ಬಾಗಿಲು ಹಾಕ್ತು. ಸೇರೋ ಮೊದ್ಲೇ ಸೆಟ್ಟಿಂಗ್ಸ್‌ಗೆ ಹೋಗಿ ಎಕ್ಸ್‌ಪೋರ್ಟ್ ಅನ್ನೋದು ಇದೆಯಾ ನೋಡಿ, ಸಿಎಸ್‌ವಿ ಫೈಲ್ ಕೊಡತ್ತೆ ಅಂದ್ರೆ ಸಾಕು, ಅದನ್ನ ಯಾವ ಶೀಟಲ್ಲಾದ್ರೂ ತೆರೀಬೋದು. ಎಕ್ಸ್‌ಪೋರ್ಟ್ ಇಲ್ಲದ ಆ್ಯಪ್ ಎಷ್ಟೇ ಚಂದ ಇದ್ರೂ ನಾನು ಮುಟ್ಟಲ್ಲ. ಒಂದ್ಸಲ ಮುಟ್ಟಿ ಫೋನ್ ಬದಲಾಯಿಸ್ದಾಗ ಎಂಟು ತಿಂಗಳ ಲೆಕ್ಕ ಕಳ್ಕೊಂಡಿದೀನಿ, ಯಾವ ಆ್ಯಪ್ ಅಂತ ಹೇಳಿ ಈಗೇನು ಪ್ರಯೋಜನ.

ಹೊರಗಡೆ ಓಡೋರು ಇನ್ನೊಂದು ವಿಷ್ಯ ಗಮನಿಸಿ. ಓಟ, ಸೈಕಲ್ ಲೆಕ್ಕ ಇಡೋ ಸ್ಟ್ರಾವಾ ಅನ್ನೋ ಆ್ಯಪ್ 2017ರ ನವೆಂಬರ್‌ನಲ್ಲಿ ಜನ ಎಲ್ಲೆಲ್ಲಿ ಓಡ್ತಾರೆ ಅಂತ ಇಡೀ ಪ್ರಪಂಚದ ಹೀಟ್‌ಮ್ಯಾಪ್ ಬಿಟ್ಟಿತ್ತು, 2018ರ ಜನವರಿಯಲ್ಲಿ ನೋಡಿದ್ರೆ ಮರುಭೂಮಿ ಮಧ್ಯದಲ್ಲಿರೋ ಸೇನಾ ನೆಲೆಗಳ ಆಕಾರ ಕೂಡ ಅದರಲ್ಲಿ ಹೊಳೀತಿತ್ತು, ಒಳಗಿರೋ ಸೈನಿಕರು ವಾಚ್ ಕಟ್ಕೊಂಡು ಓಡ್ತಿದ್ರಲ್ಲ. ನಮ್ಮ ನಿಮ್ಮ ಹತ್ರ ಅಂಥಾ ಗುಟ್ಟೇನಿಲ್ಲ ನಿಜ, ಆದ್ರೆ ದಿನಾ ಬೆಳಗ್ಗೆ ಎಷ್ಟೊತ್ತಿಗೆ ಯಾವ ಬಾಗಿಲಿಂದ ಹೊರಡ್ತೀರ ಅಂತ ಊರಿಗೆಲ್ಲ ಗೊತ್ತಾಗೋದು ಬೇಡ. ಮನೆ ಸುತ್ತಮುತ್ತಲಿನ ಜಾಗ ಮರೆಮಾಡೋ ಸೆಟ್ಟಿಂಗ್ ಇರತ್ತೆ, ಆನ್ ಮಾಡ್ಕೊಳ್ಳಿ.

ಶೀಟ್

ಗೂಗಲ್ ಶೀಟ್ಸ್ ಅಥವಾ ಎಕ್ಸೆಲ್. ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡೋರಿಗೆ ಇದರ ಮೇಲೆ ವಿಪರೀತ ಆಸೆ, ನನಗೂ ಇತ್ತು. ಒಂದು ಭಾನುವಾರ ಪೂರ್ತಿ ಕೂತು ಶೀಟ್ ಮಾಡಿದ್ದೆ, ಎಕ್ಸರ್‌ಸೈಜಿಗೊಂದು ಬಣ್ಣ, ವಾರದ ಒಟ್ಟು ಭಾರಕ್ಕೆ ಗ್ರಾಫು, ರೆಕಾರ್ಡ್ ಮುರಿದ್ರೆ ಆ ಚೌಕ ಹಸಿರಾಗೋ ಹಾಗೆ ಸೂತ್ರ, ಮೇಲೊಂದು ಡ್ಯಾಶ್‌ಬೋರ್ಡು. ಆ ಭಾನುವಾರ ವರ್ಕೌಟ್ ಮಾಡೋಕೆ ಟೈಮ್ ಸಿಗ್ಲಿಲ್ಲ. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಅದೇ. ಸೋಮವಾರ ಜಿಮ್‌ನಲ್ಲಿ ಫೋನಲ್ಲಿ ತೆರೆದು ಸಣ್ಣ ಸಣ್ಣ ಚೌಕಕ್ಕೆ ದಪ್ಪ ಬೆರಳಿಂದ 62.5 ತುಂಬೋಕೆ ಹೋದ್ರೆ ಪಕ್ಕದ ಚೌಕದ ಸೂತ್ರ ಅಳಿಸಿ ಹೋಯ್ತು, ಡ್ಯಾಶ್‌ಬೋರ್ಡ್ ಪೂರ್ತಿ ಎರರ್ ತೋರ್ಸೋಕೆ ಶುರು ಮಾಡ್ತು. ಹದಿನೈದು ದಿನ ನಡೀತು ಆ ಶೀಟು.

ಹಂಗಂತ ಇದು ಯಾರಿಗೂ ಬೇಡ ಅಂತಲ್ಲ. ಪರ್ಸೆಂಟೇಜ್ ಲೆಕ್ಕದ ಪ್ರೋಗ್ರಾಮ್ ಮಾಡೋರಿಗೆ, ಅಂದ್ರೆ ಈ ವಾರ ಮ್ಯಾಕ್ಸಿನ 75% ಐದು ರೆಪ್ಪು, ಮುಂದಿನ ವಾರ 80% ಮೂರು ರೆಪ್ಪು ಅಂತ ಮೊದ್ಲೇ ಹಾಕ್ಕೊಂಡಿರೋರಿಗೆ, ಇದಕ್ಕಿಂತ ಒಳ್ಳೇದು ಸಿಗಲ್ಲ, ಮ್ಯಾಕ್ಸ್ ಒಂದು ಕಡೆ ತಿದ್ದಿದ್ರೆ ಹನ್ನೆರಡು ವಾರದ ಭಾರ ತಾನೇ ಬದಲಾಗತ್ತೆ. ದೂರದಲ್ಲಿರೋ ಕೋಚ್ ನಿಮ್ಮ ಲೆಕ್ಕ ನೋಡ್ಬೇಕು ಅಂದ್ರೂ ಇದೇ ಸರಿ, ಲಿಂಕ್ ಕೊಟ್ರೆ ಆಯ್ತು. ಅಂಥವರು ಕೂಡ ಜಿಮ್‌ನಲ್ಲಿ ಒಂದು ಚೀಟಿಯಲ್ಲಿ ಬರ್ಕೊಂಡು ಮನೇಗೆ ಬಂದು ತುಂಬೋದನ್ನ ನಾನು ನೋಡಿದೀನಿ. ನೀವೂ ಶೀಟೇ ಬೇಕು ಅಂದ್ರೆ ಬರೀ ಐದು ಕಾಲಮ್ ಇಟ್ಕೊಳ್ಳಿ: ತಾರೀಖು, ಎಕ್ಸರ್‌ಸೈಜು, ಭಾರ, ರೆಪ್ಪು, ಟಿಪ್ಪಣಿ. ಫಿಲ್ಟರ್ ಹಾಕಿದ್ರೆ ಬೇಕಾದ ಎಕ್ಸರ್‌ಸೈಜಿನ ಇತಿಹಾಸ ಪೂರ್ತಿ ಬರತ್ತೆ. ಬಣ್ಣ ಆಮೇಲೆ.

ವಾಚ್

ಓಡೋದು, ನಡೆಯೋದು, ಸೈಕಲ್ಲು, ಈಜು, ಇವಿಷ್ಟಕ್ಕೆ ವಾಚ್ ಮುಂದೆ ಪುಸ್ತಕ ನಿಲ್ಲೋದೇ ಇಲ್ಲ, ಹೋಲಿಕೆನೇ ಬೇಡ. ದೂರ, ಟೈಮು, ಪೇಸು, ಹಾರ್ಟ್ ರೇಟು ಎಲ್ಲಾ ತಾನೇ ಬರ್ಕೊಳತ್ತೆ, ನೀವು ಕಾಲು ಎತ್ತಿಟ್ರೆ ಸಾಕು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವ್ಯಾಯಾಮ ಅನ್ನೋದನ್ನ ಲೆಕ್ಕ ಇಡೋಕೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಅದೇ ಶಿಫಾರಸಲ್ಲಿ ವಾರಕ್ಕೆ ಎರಡು ದಿನನಾದ್ರೂ ಸ್ನಾಯು ಗಟ್ಟಿ ಮಾಡೋ ವ್ಯಾಯಾಮ ಬೇಕು ಅಂತಾನೂ ಇದೆ, ವಾಚ್ ಮುಗ್ಗರಿಸೋದು ಅಲ್ಲೇ. ಬಾರ್ ಮೇಲೆ ಎಷ್ಟು ಪ್ಲೇಟಿದೆ ಅಂತ ಅದಕ್ಕೆ ಹೆಂಗೆ ಗೊತ್ತಾಗ್ಬೇಕು? ರೆಪ್ ಎಣಿಸತ್ತೆ ಅಂತಾರೆ, ನಾನು ನೀರಿನ ಬಾಟಲಿ ಎತ್ತಿದ್ದನ್ನೂ ಒಂದು ರೆಪ್ ಅಂತ ಎಣಿಸಿದ್ದಿದೆ.

ಕೈಗೆ ಕಟ್ಟೋ ವಾಚು ಹಸಿರು ಬೆಳಕು ಬಿಟ್ಟು ಚರ್ಮದ ಕೆಳಗಿನ ರಕ್ತದ ಏರಿಳಿತ ನೋಡಿ ಹಾರ್ಟ್ ರೇಟ್ ಹೇಳೋದು. ಡಂಬೆಲ್ ಬಿಗಿಯಾಗಿ ಹಿಡ್ದಾಗ, ಮಣಿಕಟ್ಟು ಬಗ್ಗಿದಾಗ ಅದು ಗಲಿಬಿಲಿ ಆಗತ್ತೆ. ಹಾರ್ಟ್ ರೇಟ್ ಕರೆಕ್ಟಾಗಿ ಬೇಕೇ ಬೇಕು ಅಂದ್ರೆ ಎದೆಗೆ ಕಟ್ಟೋ ಸ್ಟ್ರಾಪ್ ನೋಡಿ.

ಕ್ಯಾಲರಿ ಮಾತ್ರ ದಯವಿಟ್ಟು ನಂಬ್ಬೇಡಿ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಏಳು ಬಗೆಯ ವಾಚ್, ಬ್ಯಾಂಡ್ ತಗೊಂಡು ಪರೀಕ್ಷೆ ಮಾಡಿದ್ರು. ಹಾರ್ಟ್ ರೇಟ್‌ನಲ್ಲಿ ಏಳರಲ್ಲಿ ಆರು 5% ಒಳಗಿನ ತಪ್ಪಲ್ಲೇ ಇದ್ವು, ಪರ್ವಾಗಿಲ್ಲ. ಕ್ಯಾಲರಿಯಲ್ಲಿ ಎಲ್ಲದಕ್ಕಿಂತ ವಾಸಿ ಅನ್ನೋದೇ ಸರಾಸರಿ 27% ತಪ್ಪಿತ್ತು, ಕೆಟ್ಟದ್ದು 93%. ವಾಚ್ 400 ಕ್ಯಾಲರಿ ಕರಗ್ತು ಅಂತು, ಅದಕ್ಕೆ 400 ಕ್ಯಾಲರಿದು ತಿಂದೆ ಅಂತ ಲೆಕ್ಕ ಹಾಕೋರು ಯಾಕೆ ತೂಕ ಇಳೀತಿಲ್ಲ ಅಂತ ತಲೆ ಕೆರ್ಕೊಳ್ಳೋದು ಇದಕ್ಕೇ. ಇನ್ನು ದಿನಕ್ಕೆ 10,000 ಹೆಜ್ಜೆ ಅನ್ನೋದು ಯಾವ ಡಾಕ್ಟರ್ ಬರೆದ ಚೀಟಿನೂ ಅಲ್ಲ, 1965ರಲ್ಲಿ ಜಪಾನಿನಲ್ಲಿ ಮಾರ್ಕೆಟ್ಟಿಗೆ ಬಂದ ಹೆಜ್ಜೆ ಎಣಿಸೋ ಯಂತ್ರದ ಹೆಸರು ಅದು, ಮಾನ್ಪೋ-ಕೇ, ಹತ್ತು ಸಾವಿರ ಹೆಜ್ಜೆ ಮೀಟರ್ ಅಂತ ಅರ್ಥ. ಹೆಜ್ಜೆ ಎಣಿಸಿ, ಒಳ್ಳೇದೇ, ಆದ್ರೆ ನಿಮ್ಮ ಹೋದ ತಿಂಗಳ ಸರಾಸರಿ ಜೊತೆ ಹೋಲಿಸಿ.

ತೂಕ, ಟೇಪು, ಫೋಟೋ

ಇವನ್ನ ವರ್ಕೌಟ್ ಲೆಕ್ಕದ ಜೊತೆ ಬೆರೆಸ್ಬೇಡಿ, ಕೊನೇ ಪುಟದಲ್ಲಿ ಬೇರೆ ಇರ್ಲಿ. ತೂಕ ಒಂದೇ ದಿನದಲ್ಲಿ ಒಂದು ಕೆಜಿ ಆ ಕಡೆ ಈ ಕಡೆ ಆಗೋದು ಮಾಮೂಲು, ನೀರು, ಉಪ್ಪು, ಹೊಟ್ಟೇಲಿರೋ ಊಟ ಎಲ್ಲಾ ಸೇರಿ. ಸೋಮವಾರ 71.2 ಇದ್ದಿದ್ದು ಮಂಗಳವಾರ 72.3 ಆಯ್ತು ಅಂತ ಗಾಬರಿ ಬೀಳೋರು ವಾರದ ಸರಾಸರಿ ಮಾತ್ರ ಬರೀರಿ. ಸೊಂಟದ ಟೇಪ್ ಹದಿನೈದು ದಿನಕ್ಕೊಂದ್ಸಲ. ಫೋಟೋ ತಿಂಗಳಿಗೊಂದು, ಅದೇ ಜಾಗ, ಅದೇ ಬೆಳಕು, ಅದೇ ಹೊತ್ತು, ಇಲ್ಲಾಂದ್ರೆ ಹೋಲಿಸೋದು ಲೈಟಿಂಗ್‌ನ, ದೇಹನ ಅಲ್ಲ.

ಹಂಗಾದ್ರೆ ಯಾರಿಗೆ ಯಾವುದು

ಈಗಷ್ಟೇ ಶುರು ಮಾಡಿರೋರಿಗೆ ಪುಸ್ತಕ, ಯೋಚನೆನೇ ಬೇಡ. ಆರೇಳು ಎಕ್ಸರ್‌ಸೈಜಿಗೆ ಆರೇಳು ಪುಟ, ಮೂರು ತಿಂಗಳು ನಡೆಯತ್ತೆ. ಮನೇಲೇ ಪುಶಪ್, ಸ್ಕ್ವಾಟ್, ಪ್ಲಾಂಕ್ ಮಾಡೋರಿಗೆ ಅದೂ ಬೇಡ, ಗೋಡೆ ಕ್ಯಾಲೆಂಡರ್‌ನ ಚೌಕದಲ್ಲೇ ರೆಪ್ ಬರೀರಿ, ದಿನಾ ಕಣ್ಣಿಗೆ ಬೀಳತ್ತೆ, ಖಾಲಿ ಚೌಕ ತಾನಾಗೇ ಚುಚ್ಚತ್ತೆ. ಓಡೋರಿಗೆ ವಾಚು, ಜೊತೆಗೆ ಓಟ ಮುಗಿದ್ಮೇಲೆ ಹೆಂಗಿತ್ತು ಅಂತ ಒಂದು ಪದ, ಯಾಕಂದ್ರೆ ಅದೇ ಪೇಸು ಒಂದಿನ ಹಗುರ ಅನ್ಸಿ ಇನ್ನೊಂದಿನ ಪ್ರಾಣ ಹೋದಂಗೆ ಅನ್ಸೋದನ್ನ ವಾಚ್ ಬರೆಯಲ್ಲ. ಎರಡೂ ಮಾಡೋರು ಎರಡು ಕಡೆ ಇಟ್ಕೊಳ್ಳಿ, ಭಾರ ಪುಸ್ತಕಕ್ಕೆ, ಓಟ ವಾಚಿಗೆ, ಆದ್ರೆ ಒಂದೇ ವಿಷ್ಯನ ಎರಡು ಕಡೆ ಬರೆಯೋಕೆ ಹೋಗ್ಬೇಡಿ, ಎರಡೂ ಅರ್ಧಂಬರ್ಧ ಆಗತ್ತೆ.

ಒಬ್ಬರೇ ಇದ್ರೆ ಕೈಬಿಡ್ತೀನಿ ಅನ್ನೋ ಸ್ವಭಾವದೋರಿಗೆ ಆ್ಯಪ್ ಇರ್ಲಿ, ಫ್ರೆಂಡ್ಸ್ ನೋಡೋ ಹಾಗೆ. ಇದು ಬರೀ ನನ್ನ ಮಾತಲ್ಲ, 2016ರಲ್ಲಿ 138 ಅಧ್ಯಯನಗಳನ್ನ ಒಟ್ಟಿಗಿಟ್ಟು ನೋಡಿದ ಒಂದು ವಿಶ್ಲೇಷಣೆಯಲ್ಲಿ, ತಾವು ಎಲ್ಲಿಗೆ ಬಂದ್ವಿ ಅಂತ ಆಗಾಗ ನೋಡ್ಕೊಳ್ಳೋರು ಗುರಿ ಮುಟ್ಟೋದು ಜಾಸ್ತಿ, ಅದನ್ನ ಬರೆದಿಟ್ರೆ ಅಥವಾ ನಾಲ್ಕು ಜನಕ್ಕೆ ತಿಳಿಸಿದ್ರೆ ಇನ್ನೂ ಜಾಸ್ತಿ ಅಂತ ಬಂದಿತ್ತು. ನಂಬರ್ ಏರದಿದ್ರೆ ದಿನವಿಡೀ ಮನಸ್ಸು ಕೆಡಿಸ್ಕೊಳ್ಳೋರೂ ಇದಾರೆ, ನನ್ನ ಹತ್ತಿರದ ಒಬ್ಬರು ಹಂಗೇ, ಅವರಿಗೆ ನಾನು ಹೇಳಿದ್ದು ಭಾರ ಬರೀಬೇಡಿ, ಜಿಮ್‌ಗೆ ಹೋದ ದಿನಕ್ಕೆ ಒಂದು ಗೆರೆ ಎಳೀರಿ ಸಾಕು ಅಂತ. ಈಗ ಗೆರೆ ಎಳ್ಕೊಂಡು ಆರಾಮಾಗಿದಾರೆ.

ಯಾವುದರಲ್ಲೇ ಬರೆದ್ರೂ ನಾಲ್ಕು ವಾರಕ್ಕೊಂದ್ಸಲ ಕೂತು ಹಿಂದಕ್ಕೆ ಓದಿ, ಹತ್ತು ನಿಮಿಷ. ಮೂರು ಸಲ ಸತತವಾಗಿ ಅದೇ ನಂಬರ್ ನಿಂತಿದ್ರೆ ಏನಾದ್ರೂ ಬದಲಾಯಿಸಿ. ನನ್ನ 60ರ ಗಂಟು ಬಿಚ್ಚಿದ್ದು ಹಿಂಗೆ: ಭಾರ 55ಕ್ಕೆ ಇಳಿಸಿ, ರೆಸ್ಟ್ ಒಂದು ನಿಮಿಷ ಇದ್ದಿದ್ದನ್ನ ಮೂರು ನಿಮಿಷ ಮಾಡಿ, 2.5 ಕೆಜಿ ಒಟ್ಟಿಗೆ ಏರಿಸೋ ಬದ್ಲು ಎರಡೂ ಕಡೆ ಅರ್ಧ ಅರ್ಧ ಕೆಜಿಯ ಸಣ್ಣ ಪ್ಲೇಟ್ ಹಾಕಿ ಒಂದೊಂದೇ ಕೆಜಿ ಏರಿಸ್ದೆ. ಎಂಟನೇ ವಾರದ ಸಾಲಲ್ಲಿ 62 × 8, 8, 8 (1) ಅಂತಿದೆ, ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಎರಡು ಗೆರೆ ಒತ್ತಿ ಎಳೆದಿದೀನಿ, ಹಾಳೆ ಹಿಂದುಗಡೆ ತನಕ ಅಚ್ಚಾಗಿದೆ.

ಒಂದರಿಂದ ಇನ್ನೊಂದಕ್ಕೆ ಹೋಗ್ಬೇಕು ಅನ್ಸಿದ್ರೆ ಹಳೇದೆಲ್ಲ ಹೊಸದಕ್ಕೆ ತುಂಬೋಕೆ ಕೂರ್ಬೇಡಿ, ಅಲ್ಲೇ ಸುಸ್ತಾಗಿ ಎರಡೂ ಬಿಟ್ಬಿಡ್ತೀರ. ಪ್ರತಿ ಎಕ್ಸರ್‌ಸೈಜಿನ ಕೊನೇ ಒಂದು ಸಾಲು ಮಾತ್ರ ತಗೊಂಡು ಹೋಗಿ, ಮುಂದಿನ ಸಲಕ್ಕೆ ಬೇಕಿರೋದು ಅಷ್ಟೇ. ಹಳೇ ಪುಸ್ತಕ ಒಂದು ತಿಂಗಳು ಜಿಮ್ ಬ್ಯಾಗಲ್ಲೇ ಬಿದ್ದಿರ್ಲಿ, ಹೊಸದು ಕೈ ಹಿಡೀದಿದ್ರೆ ಅದೇ ಪುಟದಲ್ಲಿ ಕೆಳಗಿನ ಸಾಲಿಂದ ಬರ್ಕೊಂಡು ಹೋಗ್ಬೋದು.